ಕಾರನ್ನು ಯಾರ ಕೈಗೆ ಕೊಡುವುದು? ಗ್ಯಾರೇಜ್ ಆರಿಸುವವರಿಗೆ ಒಂದು ಹೋಲಿಕೆ

ಒಂದು ಬೆಳಗ್ಗೆ ನನ್ನ ಕಾರಿನ ಮುಂದಿನ ಎಡ ಚಕ್ರದಿಂದ ಕರಕರ ಸದ್ದು ಶುರುವಾಯಿತು. ಮೊದಲು ಹೋದ ಗ್ಯಾರೇಜಿನಲ್ಲಿ ಐದು ನಿಮಿಷ ಓಡಿಸಿ ನೋಡಿದರು. ಎರಡೂ ಬದಿಯ ಬ್ರೇಕ್ ಡಿಸ್ಕ್, ಪ್ಯಾಡ್, ಜೊತೆಗೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಒಂದು ಕ್ಯಾಲಿಪರ್ ಬದಲಾಯಿಸಬೇಕು ಎಂದರು. ಚಕ್ರ ಬಿಚ್ಚಿಯೇ ಇರಲಿಲ್ಲ. ನನಗೆ ಹೆದರಿಕೆಯಾಯಿತು. ಬ್ರೇಕ್ ಅಂದರೆ ಜೀವದ ಪ್ರಶ್ನೆ ಅಲ್ವಾ? ಆದರೂ ಒಪ್ಪಿಕೊಳ್ಳದೆ ನಿಧಾನಕ್ಕೆ ಓಡಿಸಿಕೊಂಡು ಹತ್ತಿರದ ಇನ್ನೊಂದು ಕಡೆ ಹೋದೆ. ಅಲ್ಲಿನ ಮೆಕ್ಯಾನಿಕ್ ಚಕ್ರ ಬಿಚ್ಚಿದರು. ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಸಣ್ಣ ಕಲ್ಲೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಪ್ಯಾಡ್ ಅಳೆದು ತೋರಿಸಿದರು. ಇನ್ನೂ 7 ಮಿ.ಮೀ. ದಪ್ಪ ಇತ್ತು.

ಮೊದಲನೆಯವರು ಮೋಸ ಮಾಡಲೆಂದೇ ಹಾಗೆ ಹೇಳಿದರೋ, ಅವಸರದಲ್ಲಿ ಊಹೆ ಮಾಡಿದರೋ ನನಗೆ ಗೊತ್ತಾಗಲಿಲ್ಲ. ನನ್ನ ಜೇಬಿಗಂತೂ ಎರಡೂ ಒಂದೇ ಆಗುತ್ತಿತ್ತು. ಆ ದಿನದಿಂದ ನಾನು ಗ್ಯಾರೇಜನ್ನು ಅಳೆಯುವುದು ಒಂದೇ ಅಳತೆಯಿಂದ: ಇವರು ಬಿಚ್ಚಿ ತೋರಿಸಿ ಮಾತಾಡುತ್ತಾರಾ, ಇಲ್ಲ ಬರೀ ಮಾತಾಡುತ್ತಾರಾ? ಕಂಪನಿಯ ಸರ್ವಿಸ್ ಸೆಂಟರ್ ಒಳ್ಳೆಯದೋ, ಹೊರಗಿನ ಗ್ಯಾರೇಜ್ ಒಳ್ಳೆಯದೋ ಎಂದು ಜನ ಕೇಳುತ್ತಲೇ ಇರುತ್ತಾರೆ. ಎರಡರಲ್ಲೂ ಪ್ರಾಮಾಣಿಕರಿದ್ದಾರೆ, ಎರಡರಲ್ಲೂ ಕೈ ಕೊಡುವವರಿದ್ದಾರೆ. ಬೋರ್ಡ್ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಆದರೆ ಪ್ರತಿ ಬಗೆಯ ಗ್ಯಾರೇಜಿನಲ್ಲೂ ತಪ್ಪು ಎಲ್ಲಿ ನುಸುಳುತ್ತದೆ ಎಂಬುದು ಬೇರೆ ಬೇರೆ. ಅದು ಗೊತ್ತಿದ್ದರೆ ಆರಿಸುವುದು ಸುಲಭ.

ಗ್ರಾಹಕರಿಗೆ ಇದು ಯಾಕೆ ಇಷ್ಟು ಕಷ್ಟ

ಬಟ್ಟೆ ಕೊಂಡರೆ ಮುಟ್ಟಿ ನೋಡುತ್ತೇವೆ. ಹೋಟೆಲಿನ ಊಟ ಹೇಗಿದೆ ಎಂದು ತಿಂದ ಮೇಲಾದರೂ ತಿಳಿಯುತ್ತದೆ. ರಿಪೇರಿ ಹಾಗಲ್ಲ. ಕೆಲಸ ಮುಗಿದು, ಬಿಲ್ ಕಟ್ಟಿ, ಕಾರು ಚೆನ್ನಾಗಿ ಓಡುತ್ತಿದ್ದರೂ, ಆ ಭಾಗ ನಿಜಕ್ಕೂ ಹಾಳಾಗಿತ್ತೇ ಎಂಬುದು ನಮಗೆ ಗೊತ್ತಾಗುವುದೇ ಇಲ್ಲ. ಅರ್ಥಶಾಸ್ತ್ರದಲ್ಲಿ ಇಂಥ ಸೇವೆಗೆ ಕ್ರೆಡೆನ್ಸ್ ಗುಡ್ಸ್ ಎಂದು ಹೆಸರು. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಇಬ್ಬರು ಈ ಹೆಸರು ಕೊಟ್ಟರು. ಏನಾಗಿದೆ ಎಂದು ಹೇಳುವವರೂ ಅವರೇ, ಸರಿಮಾಡಿ ದುಡ್ಡು ತೆಗೆದುಕೊಳ್ಳುವವರೂ ಅವರೇ. ತೊಂದರೆಯ ಬೇರು ಇದೇ.

ಹಾಗಾಗಿ ಎದುರಿಗಿರುವವರು ಒಳ್ಳೆಯವರೋ ಕೆಟ್ಟವರೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಅವರಿಗೆ ಸಂಬಳ ಹೇಗೆ ಬರುತ್ತದೆ ಎಂದು ಯೋಚಿಸಿ. ಮಾರಿದ ಭಾಗಗಳ ಮೇಲೆ ಕಮಿಷನ್ ಇದ್ದರೆ, ತಿಂಗಳಿಗೆ ಇಷ್ಟು ಬ್ರೇಕ್ ಕೆಲಸ ಆಗಲೇಬೇಕು ಎಂಬ ಗುರಿ ಇದ್ದರೆ, ಒಳ್ಳೆಯ ಮನುಷ್ಯನೂ ನಿಧಾನವಾಗಿ ಆ ಕಡೆಗೇ ವಾಲುತ್ತಾನೆ. 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದು ದೊಡ್ಡದಾಗಿ ಹೊರಗೆ ಬಂತು. ಸಿಯರ್ಸ್ ಎಂಬ ದೊಡ್ಡ ಅಂಗಡಿ ಸರಣಿ ಕಾರು ರಿಪೇರಿಯನ್ನೂ ಮಾಡುತ್ತಿತ್ತು. ಸರ್ಕಾರದ ತನಿಖೆಯವರು ಸಾಮಾನ್ಯ ಗ್ರಾಹಕರಂತೆ ಕಾರು ತೆಗೆದುಕೊಂಡು ಹೋಗಿ ಪರೀಕ್ಷಿಸಿದರು. ಬೇಡದ ರಿಪೇರಿಯನ್ನು ಮತ್ತೆ ಮತ್ತೆ ಮಾರಲಾಗುತ್ತಿದೆ ಎಂದು ಆರೋಪ ಹೊರಿಸಿದರು. ಅಲ್ಲಿ ಗ್ರಾಹಕರ ಜೊತೆ ಮಾತಾಡಿ ಕೆಲಸ ಬರೆದುಕೊಳ್ಳುವ ಸರ್ವಿಸ್ ಅಡ್ವೈಸರ್‌ಗಳಿಗೆ ಕಮಿಷನ್ ಇತ್ತು. ಗಲಾಟೆ ಎದ್ದ ಮೇಲೆ ಅದೇ ವರ್ಷ ಕಂಪನಿ ಆ ಕಮಿಷನ್ ಪದ್ಧತಿಯನ್ನು ಕೈಬಿಟ್ಟಿತು.

ಈಗ ಒಂದೊಂದಾಗಿ ನೋಡೋಣ.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್

ಇಲ್ಲಿನ ಬಲ ನಿಜವಾದದ್ದು. ನಿಮ್ಮ ಮಾಡೆಲ್‌ನ ಪೂರ್ತಿ ಸರ್ವಿಸ್ ಮಾಹಿತಿ, ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಕಂಪನಿಯದೇ ಸ್ಕ್ಯಾನರ್, ಸಾಫ್ಟ್‌ವೇರ್ ಅಪ್‌ಡೇಟ್, ಒರಿಜಿನಲ್ ಬಿಡಿಭಾಗ ಎಲ್ಲವೂ ಇರುತ್ತವೆ. ಕಾರಿನಲ್ಲಿ ತಯಾರಿಕೆಯ ದೋಷ ಇದ್ದು ಕಂಪನಿ ರೀಕಾಲ್ ಘೋಷಿಸಿದ್ದರೆ, ಅದನ್ನು ಪುಕ್ಕಟೆಯಾಗಿ ಮಾಡಿಕೊಡುವುದು ಇಲ್ಲಿಯೇ. ವಾರಂಟಿಯಲ್ಲಿರುವ ಭಾಗ ಕೆಟ್ಟರೆ ಸುಮ್ನೆ ಬೇರೆ ಕಡೆ ಅಲೆಯಬೇಡಿ, ನೇರ ಇಲ್ಲಿಗೇ ಹೋಗಿ.

ತೊಂದರೆ ಇರುವುದು ಕೌಂಟರಿನಲ್ಲಿ. ನೀವು ಮಾತಾಡುವುದು ಸರ್ವಿಸ್ ಅಡ್ವೈಸರ್ ಜೊತೆ. ಕಾರಿಗೆ ಕೈ ಹಾಕುವವರು ಬೇರೆ. ನೀವು ಹೇಳಿದ್ದು ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡ್‌ಗೆ ಇಳಿಯುವಾಗ ಅರ್ಧ ಕಳೆದುಹೋಗುತ್ತದೆ. ‘ತಣ್ಣಗಿರುವಾಗ ಮಾತ್ರ, ಎಡಕ್ಕೆ ತಿರುಗಿಸಿದಾಗ ಸದ್ದು’ ಎಂದು ನೀವು ಹೇಳಿರುತ್ತೀರಿ. ಕಾರ್ಡಿನಲ್ಲಿ ‘ಸದ್ದು, ಪರೀಕ್ಷಿಸಿ’ ಎಂದಷ್ಟೇ ಇರುತ್ತದೆ. ಆಮೇಲೆ ಆ ಮೆಕ್ಯಾನಿಕ್ ಏನು ಹುಡುಕಬೇಕು? ಅದಕ್ಕೇ ಜಾಬ್ ಕಾರ್ಡಿಗೆ ಸಹಿ ಮಾಡುವ ಮೊದಲು ಓದಿ. ಸದ್ದು ಯಾವಾಗ, ಯಾವ ವೇಗದಲ್ಲಿ, ಯಾವ ಕಡೆಯಿಂದ ಬರುತ್ತದೆ ಎಂದು ಅಲ್ಲೇ ಬರೆಸಿ. ಸಾಧ್ಯವಾದರೆ ಮೆಕ್ಯಾನಿಕ್ ಜೊತೆ ಒಂದು ಸುತ್ತು ಹೋಗಿ ಬನ್ನಿ.

ಇನ್ನೊಂದು, ಮಾಮೂಲಿ ಸರ್ವಿಸ್ ಜೊತೆಗೆ ಅಂಟಿಸುವ ಪ್ಯಾಕೇಜುಗಳು. ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಕ್ಲೀನಿಂಗ್, ಒಳಭಾಗಕ್ಕೆ ಪಾಲಿಶ್. ಇವುಗಳಲ್ಲಿ ಕೆಲವು ಕೆಲವೊಮ್ಮೆ ಬೇಕಾಗಬಹುದು. ಆದರೆ ಕಾರಿನ ಜೊತೆ ಕೊಟ್ಟ ಓನರ್ಸ್ ಮ್ಯಾನುಯಲ್‌ನಲ್ಲಿ ಎಷ್ಟು ಕಿಲೋಮೀಟರಿಗೆ ಏನು ಮಾಡಬೇಕೆಂಬ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಯಾರಾದರೂ ಹೇಳಿದರೆ, ‘ಯಾವ ಲಕ್ಷಣ ನೋಡಿ ಇದು ಬೇಕು ಅಂತೀರಿ?’ ಎಂದು ಕೇಳಿ. ಒಳ್ಳೆಯ ಅಡ್ವೈಸರ್ ಲಕ್ಷಣ ಹೇಳುತ್ತಾರೆ. ಉಳಿದವರು ‘ಎಲ್ಲರೂ ಮಾಡಿಸ್ತಾರೆ’ ಎನ್ನುತ್ತಾರೆ.

ವಾರಂಟಿಯ ಭಯದ ಬಗ್ಗೆ ಒಂದು ಮಾತು. ಹೊರಗೆ ಆಯಿಲ್ ಬದಲಾಯಿಸಿದರೆ ವಾರಂಟಿ ಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಎಲ್ಲ ಕಡೆ ಹಾಗಿಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ, ಭಾಗ ಅಥವಾ ಸೇವೆಯನ್ನು ಕಂಪನಿ ಪುಕ್ಕಟೆ ಕೊಡದೆ ಇದ್ದಾಗ, ನಮ್ಮದನ್ನೇ ಬಳಸಬೇಕು ಎಂದು ವಾರಂಟಿಗೆ ಷರತ್ತು ಹಾಕುವಂತಿಲ್ಲ. ಬೇರೆ ದೇಶಗಳಲ್ಲಿ ನಿಯಮ ಬೇರೆ. ಯಾರೋ ಹೇಳಿದ್ದನ್ನು ಕೇಳುವುದಕ್ಕಿಂತ ನಿಮ್ಮ ವಾರಂಟಿ ಪುಸ್ತಕ ತೆಗೆದು ಓದಿ. ಎಲ್ಲಿ ಸರ್ವಿಸ್ ಮಾಡಿಸಿದರೂ ಬಿಲ್ ಎತ್ತಿಡಿ. ಅದರಲ್ಲಿ ದಿನಾಂಕ, ಕಿಲೋಮೀಟರ್, ಆಯಿಲಿನ ಗ್ರೇಡ್ ಬರೆದಿರಲಿ.

ಹೊರಗಿನ ಗ್ಯಾರೇಜ್

ನನ್ನ ಮನಸ್ಸು ಇದರ ಕಡೆಗೇ ಜಾಸ್ತಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಕಾರಣ ಸರಳ. ಇಲ್ಲಿ ಕಾರು ಬಿಚ್ಚುವವರ ಜೊತೆಗೇ ಮಾತಾಡಬಹುದು. ಅನೇಕ ಕಡೆ ಮಾಲೀಕರೇ ಮೆಕ್ಯಾನಿಕ್. ಅವರಿಗೆ ನೀವು ಒಂದು ಬಿಲ್ ಅಲ್ಲ, ಹತ್ತು ವರ್ಷ ಬರುವ ಗಿರಾಕಿ. ಲೇಬರ್ ಚಾರ್ಜ್ ಸಾಮಾನ್ಯವಾಗಿ ಕಡಿಮೆ. ಹಳೆಯ ಕಾರುಗಳಿಗೆ ಇವರಷ್ಟು ತಾಳ್ಮೆ ಬೇರೆಯವರಿಗೆ ಇರುವುದಿಲ್ಲ. ಪೂರ್ತಿ ಭಾಗ ಬದಲಾಯಿಸುವ ಬದಲು ಅದರೊಳಗಿನ ಬುಷ್ ಮಾತ್ರ, ಸೀಲ್ ಮಾತ್ರ ಬದಲಾಯಿಸಿ ಸರಿಮಾಡುವ ಕೈಚಳಕ ಇಲ್ಲಿ ಉಳಿದಿದೆ.

ಆದರೆ ಇಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅಂತರ ತುಂಬಾ ದೊಡ್ಡದು. ಮುಖ್ಯವಾಗಿ ಎರಡು ಕಡೆ ಎಚ್ಚರ ಬೇಕು. ಒಂದು, ಬಿಡಿಭಾಗ. ‘ಪ್ಯಾಡ್ ಹಾಕಿದ್ದೇವೆ’ ಎಂದರೆ ಯಾವ ಪ್ಯಾಡ್? ಕಾರು ಕಂಪನಿಯ ಹೆಸರಿನದು ಒಂದು. ಕಾರು ಕಂಪನಿಗೆ ಮಾಡಿಕೊಡುವ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವುದು ಇನ್ನೊಂದು. ಇದು ಎಷ್ಟೋ ಸಲ ಅದೇ ಗುಣಮಟ್ಟ, ಕಡಿಮೆ ಬೆಲೆ. ಬೇರೆ ಕಂಪನಿಗಳು ಮಾಡುವುದು ಮೂರನೆಯದು. ಅದರಲ್ಲಿ ಒಳ್ಳೆಯದೂ ಇದೆ, ಕಳಪೆಯೂ ಇದೆ. ನಾಲ್ಕನೆಯದು ಒರಿಜಿನಲ್ ಡಬ್ಬಿಯಲ್ಲಿ ಬರುವ ನಕಲಿ. ಹಾಗಾಗಿ ಡಬ್ಬಿ ನಿಮ್ಮ ಮುಂದೆಯೇ ಬಿಚ್ಚಲಿ, ಬಿಲ್ಲಿನಲ್ಲಿ ತಯಾರಕರ ಹೆಸರೂ ಪಾರ್ಟ್ ನಂಬರೂ ಇರಲಿ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗಿಗೆ ಸಂಬಂಧಿಸಿದ್ದರಲ್ಲಿ ಅಗ್ಗದ್ದನ್ನು ಕೇಳಲೇಬೇಡಿ. ವೈಪರ್, ಬಲ್ಬ್, ಬೀಡಿಂಗ್‌ನಲ್ಲಿ ಉಳಿಸಿ.

ಎರಡನೆಯದು ಉಪಕರಣ. ಹತ್ತು ಕಾರು ಸುತ್ತ ನಿಂತಿವೆ, ಕೈಯಲ್ಲಿ ಸ್ಪ್ಯಾನರ್ ಇದೆ, ಆದರೆ ಸ್ಕ್ಯಾನರ್ ಇಲ್ಲ. ಟಾರ್ಕ್ ರೆಂಚ್ ಇಲ್ಲ. ಅಂಥ ಕಡೆ ಇಂದಿನ ಕಾರಿನ ಇಂಜಿನ್ ಕೆಲಸ ಕೊಡಬೇಡಿ. ಟಾರ್ಕ್ ರೆಂಚ್ ಅಂದರೆ ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯಬೇಕೋ ಅಷ್ಟೇ ಬಿಗಿಯುವ ಸಾಧನ. ಚಕ್ರದ ನಟ್‌ಗಳನ್ನು ಗಾಳಿಯ ಗನ್‌ನಿಂದ ಟರ್ರೆಂದು ಬಿಗಿದು ಬಿಡುವವರೂ ಇದ್ದಾರೆ. ಕೊನೆಯಲ್ಲಿ ಟಾರ್ಕ್ ರೆಂಚ್ ಹಿಡಿದು ಒಂದೊಂದನ್ನೂ ನೋಡುವವರೂ ಇದ್ದಾರೆ. ಯಾರೂ ಗಮನಿಸದಿದ್ದಾಗಲೂ ಎರಡನೆಯದನ್ನು ಮಾಡುವವರ ಕೈಗೆ ನನ್ನ ಕಾರನ್ನು ಧೈರ್ಯವಾಗಿ ಕೊಡುತ್ತೇನೆ.

ನೆಲದ ಮೇಲೆ ಆಯಿಲ್ ಕಲೆ ಇದೆ ಎಂದು ಗ್ಯಾರೇಜನ್ನು ಕೀಳಾಗಿ ನೋಡಬೇಡಿ. ಕೆಲಸ ನಡೆಯುವ ಜಾಗ ಅದು. ಆದರೆ ಬಿಚ್ಚಿದ ಬೋಲ್ಟ್‌ಗಳು ಎಲ್ಲಿವೆ ನೋಡಿ. ಟ್ರೇಯಲ್ಲಿ ಜೋಡಿಸಿಟ್ಟಿದ್ದಾರೋ, ನೆಲದಲ್ಲಿ ಚೆಲ್ಲಾಡಿವೆಯೋ? ಸೀಟಿಗೆ ಕವರ್ ಹಾಕಿದ್ದಾರೋ? ಎಷ್ಟೋ ತಿಂಗಳಿಂದ ಬಿಚ್ಚಿಟ್ಟು ಧೂಳು ಹಿಡಿದ ಕಾರುಗಳು ಎಷ್ಟಿವೆ? ಅವು ಜಾಸ್ತಿ ಇದ್ದರೆ ಒಪ್ಪಿಕೊಂಡ ಕೆಲಸ ಮುಗಿಸುವುದರಲ್ಲಿ ಏನೋ ತೊಡಕಿದೆ ಎಂದರ್ಥ.

ಸರಣಿ ಅಂಗಡಿಗಳು, ಸ್ಪೆಷಲಿಸ್ಟ್‌ಗಳು, ಮನೆಗೇ ಬರುವವರು

ಟಯರ್, ಬ್ಯಾಟರಿ, ಆಯಿಲ್ ಬದಲಾಯಿಸುವ ಸರಣಿ ಅಂಗಡಿಗಳು ಆ ಕೆಲಸಗಳಿಗೆ ಚೆನ್ನ. ದರಪಟ್ಟಿ ಗೋಡೆಯ ಮೇಲೆ ಇರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಕಡಿಮೆ ದರದ ಆಯಿಲ್ ಸರ್ವಿಸ್ ಎಂದು ಕರೆದು, ಕಾರು ಮೇಲೆತ್ತಿದ ಕೂಡಲೇ ಪಟ್ಟಿ ಬೆಳೆಸುವುದು ಇಲ್ಲಿಯೇ ಹೆಚ್ಚು. ಕಾರು ಲಿಫ್ಟ್ ಮೇಲೆ ಇರುವಾಗ ‘ಬೇಡ’ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಬರಬೇಕು. ಹೋದ ಕೆಲಸ ಮುಗಿಸಿಕೊಂಡು, ಅವರು ಹೇಳಿದ್ದನ್ನು ಬರೆಸಿಕೊಂಡು ಬನ್ನಿ. ಆಮೇಲೆ ಬೇರೆ ಕಡೆ ತೋರಿಸಿ.

ಟಯರ್ ಕೊಳ್ಳುವಾಗ ಪಕ್ಕದ ಗೋಡೆಯಲ್ಲಿ ಡಿಓಟಿ ಎಂದು ಶುರುವಾಗುವ ಸಾಲು ನೋಡಿ. ಅದರ ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹೊಸ ಟಯರ್ ಎಂದು ಕೊಡುವುದು ಗೋದಾಮಿನಲ್ಲಿ ಎಷ್ಟು ಕಾಲ ಕೂತಿತ್ತು ಎಂದು ಇದರಿಂದ ತಿಳಿಯುತ್ತದೆ. ಅಂಗಡಿಯವರಿಗೇ ತೋರಿಸಿ ಕೇಳಿ. ಬೇಸರಪಡದೆ ಬೇರೆ ಟಯರ್ ತಂದರೆ ಒಳ್ಳೆಯ ಅಂಗಡಿ.

ಸ್ಪೆಷಲಿಸ್ಟ್ ಎಂದರೆ ಒಂದೇ ಬ್ರಾಂಡ್ ಮಾಡುವವರು, ಅಥವಾ ಒಂದೇ ಬಗೆಯ ಕೆಲಸ ಮಾಡುವವರು: ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಏಸಿ, ಎಲೆಕ್ಟ್ರಿಕಲ್, ಡೀಸೆಲ್ ಪಂಪ್. ಕಷ್ಟದ ಕೆಲಸಕ್ಕೆ ಇವರನ್ನು ಬಿಟ್ಟರೆ ಇಲ್ಲ. ನೆನಪಿಡಬೇಕಾದ್ದು ಒಂದೇ. ಗೇರ್‌ಬಾಕ್ಸ್ ಮಾಡುವವರ ಬಳಿ ಹೋದರೆ ತೊಂದರೆ ಗೇರ್‌ಬಾಕ್ಸಿನಲ್ಲೇ ಕಾಣುವ ಸಾಧ್ಯತೆ ಜಾಸ್ತಿ. ಮೊದಲು ಸಾಮಾನ್ಯ ಮೆಕ್ಯಾನಿಕ್ ಹತ್ತಿರ ರೋಗ ಪತ್ತೆ ಮಾಡಿಸಿ, ಆಮೇಲೆ ಇವರ ಬಳಿ ಹೋಗಿ. ಪ್ರಾಮಾಣಿಕ ಗ್ಯಾರೇಜಿನವರು ‘ಇದು ನಮ್ಮಿಂದ ಆಗಲ್ಲ, ಅವರ ಹತ್ತಿರ ಹೋಗಿ’ ಎಂದು ತಾವೇ ಕಳಿಸುತ್ತಾರೆ.

ಮನೆಗೇ ಬಂದು ಮಾಡುವವರು ಬ್ಯಾಟರಿ, ಆಯಿಲ್, ಪ್ಯಾಡ್, ಜಂಪ್ ಸ್ಟಾರ್ಟಿಗೆ ಸಾಕು. ಕೆಲಸ ನಿಮ್ಮ ಕಣ್ಣೆದುರೇ ನಡೆಯುತ್ತದೆ. ಲಿಫ್ಟ್ ಬೇಕಾದ ಕೆಲಸ ಇವರಿಂದ ಆಗದು. ಹಳೆಯ ಆಯಿಲನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಒಮ್ಮೆ ಕೇಳಿ. ಚರಂಡಿಗೆ ಸುರಿಯುವವರಿಗೆ ಕೆಲಸ ಕೊಡುವುದು ಬೇಡ.

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರು ಇರುವವರಿಗೆ ಈ ಹೋಲಿಕೆ ಪೂರ್ತಿ ಅನ್ವಯಿಸುವುದಿಲ್ಲ. ಕಿತ್ತಳೆ ಬಣ್ಣದ ದಪ್ಪ ವೈರುಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಅದರ ತರಬೇತಿ ಪಡೆಯದವರು ಅದನ್ನು ಮುಟ್ಟಬಾರದು. ಎಷ್ಟೇ ಪ್ರಾಮಾಣಿಕರಾದರೂ ಸರಿ. ಟಯರ್, ಸಸ್ಪೆನ್ಷನ್, ಬ್ರೇಕ್ ಕೆಲಸ ಮಾತ್ರ ಹೊರಗೆ ಮಾಡಿಸಬಹುದು.

ನಂಬಿಕೆಯನ್ನು ಪರೀಕ್ಷಿಸುವ ಜಾಗಗಳು

ಕೆಲವು ಕೆಲಸಗಳಲ್ಲಿ ಗ್ಯಾರೇಜಿನ ಗುಣ ಚೆನ್ನಾಗಿ ಬಯಲಾಗುತ್ತದೆ. ಎರಡು ಗ್ಯಾರೇಜುಗಳನ್ನು ಹೋಲಿಸಬೇಕಾದರೆ ನಾನು ನೋಡುವುದು ಇವನ್ನೇ.

ಚೆಕ್ ಇಂಜಿನ್ ಲೈಟ್ ಮೊದಲನೆಯದು. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಜೋಡಿಸುವ ಓಬಿಡಿ ಎಂಬ ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ ಮಾರಾಟವಾದ ಕಾರುಗಳಲ್ಲಿ ಓಬಿಡಿ-2 ಕಡ್ಡಾಯ. ಈಗ ಹೆಚ್ಚುಕಡಿಮೆ ಎಲ್ಲೆಡೆ ಬಂದಿದೆ. ಸ್ಕ್ಯಾನರ್ ಚುಚ್ಚಿದರೆ ಒಂದು ಕೋಡ್ ಸಿಗುತ್ತದೆ. ಈ ಕೋಡ್ ತೊಂದರೆ ಯಾವ ದಿಕ್ಕಿನಲ್ಲಿದೆ ಎನ್ನುತ್ತದೆ, ಯಾವ ಭಾಗ ಕೆಟ್ಟಿದೆ ಎನ್ನುವುದಿಲ್ಲ. ಪಿ0420 ಬಂತು ಅಂದುಕೊಳ್ಳಿ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ಕನ್ವರ್ಟರ್ ದುಬಾರಿ. ಆದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ, ಸೈಲೆನ್ಸರ್ ಪೈಪಿನಲ್ಲಿ ಸಣ್ಣ ತೂತಿದ್ದರೂ ಇದೇ ಕೋಡ್ ಬರಬಹುದು. ಪಿ0171 ಬಂದರೆ ಇಂಜಿನ್‌ಗೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದರ್ಥ. ಕಾರಣ ಒಂದು ಸೀಳಿದ ರಬ್ಬರ್ ಪೈಪ್ ಇರಬಹುದು, ಗಾಳಿ ಅಳೆಯುವ ಸೆನ್ಸರ್ ಇರಬಹುದು, ಫ್ಯೂಯಲ್ ಪಂಪ್ ಇರಬಹುದು. ಕೋಡ್ ನೋಡಿದ ಕೂಡಲೇ ಭಾಗದ ಬೆಲೆ ಹೇಳುವವರು ಊಹೆ ಮಾಡುತ್ತಿದ್ದಾರೆ, ಆ ಊಹೆಗೆ ದುಡ್ಡು ನಿಮ್ಮದು. ‘ಪರೀಕ್ಷೆ ಮಾಡಬೇಕು, ಒಂದು ಗಂಟೆ ಬೇಕು, ಅದಕ್ಕೆ ಇಷ್ಟಾಗುತ್ತೆ’ ಎನ್ನುವವರು ಸರಿಯಾದ ದಾರಿಯಲ್ಲಿದ್ದಾರೆ. ರೋಗ ಪತ್ತೆ ಮಾಡುವುದಕ್ಕೆ ದುಡ್ಡು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅದು ಅವರ ವಿದ್ಯೆ. ಅದನ್ನು ಪುಕ್ಕಟೆ ಕೊಡುವವರು ಬಿಡಿಭಾಗದಲ್ಲಿ ಅದನ್ನು ಹಿಂಪಡೆಯಲೇಬೇಕಾಗುತ್ತದೆ.

ಏಸಿ ಗ್ಯಾಸ್ ಇನ್ನೊಂದು. ಏಸಿ ಮುಚ್ಚಿದ ವ್ಯವಸ್ಥೆ. ಗ್ಯಾಸ್ ಪೆಟ್ರೋಲಿನಂತೆ ಉರಿದು ಖಾಲಿಯಾಗುವುದಿಲ್ಲ. ವರ್ಷಗಳಲ್ಲಿ ಸ್ವಲ್ಪ ಸೋರುವುದು ಸಹಜ. ಆದರೆ ಪ್ರತಿ ಬೇಸಿಗೆಗೆ ತುಂಬಿಸಬೇಕಾಗಿ ಬಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ಸುಮ್ನೆ ಗ್ಯಾಸ್ ತುಂಬಿ ಕಳಿಸುವವರ ಬಳಿ ಮುಂದಿನ ವರ್ಷ ಮತ್ತೆ ನಿಲ್ಲುತ್ತೀರಿ. ಬಣ್ಣದ ಡೈ ಹಾಕಿಯೋ, ನೈಟ್ರೋಜನ್ ಒತ್ತಡ ಕೊಟ್ಟೋ ಲೀಕ್ ಹುಡುಕುವವರು ಬೇಕು.

ವೀಲ್ ಅಲೈನ್‌ಮೆಂಟ್‌ನಲ್ಲಿ ಪ್ರಿಂಟ್ ಕೇಳಿ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಎರಡೂ ಅಂಕಿ ಇರಬೇಕು. ಅನೇಕ ಸಾಮಾನ್ಯ ಕಾರುಗಳಲ್ಲಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು, ಅದನ್ನು ಮಾತ್ರ ಹೊಂದಿಸಲು ಬರುತ್ತದೆ. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ, ಅದನ್ನು ಹೊಂದಿಸುವ ವ್ಯವಸ್ಥೆ ಕಂಪನಿ ಕೊಟ್ಟಿರುವುದೇ ಇಲ್ಲ. ಅಂಥ ಕಾರಿಗೆ ಕ್ಯಾಂಬರ್ ಸರಿಮಾಡಿದ್ದೇವೆಂದು ಪ್ರತ್ಯೇಕ ದುಡ್ಡು ಬರೆದಿದ್ದರೆ, ಅದನ್ನು ಹೇಗೆ ಮಾಡಿದಿರಿ ತೋರಿಸಿ ಎನ್ನಿ.

ಟೈಮಿಂಗ್ ಬೆಲ್ಟಿನ ಪ್ರಶ್ನೆ ಹೊಸ ಗ್ಯಾರೇಜಿಗೆ ಹೋದಾಗ ನಾನು ಕೇಳುವ ಪ್ರಶ್ನೆ. ಮೊದಲೇ ಮ್ಯಾನುಯಲ್ ನೋಡಿಕೊಂಡು ಹೋಗಿ. ಇಂಜಿನ್‌ನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ತಿರುಗಿಸಲು ನಿಮ್ಮ ಕಾರಿನಲ್ಲಿ ಇರುವುದು ಬೆಲ್ಟೋ ಚೈನೋ? ಬೆಲ್ಟ್ ಆದರೆ ಹೇಳಿದ ಕಿಲೋಮೀಟರಿಗೆ ಬದಲಾಯಿಸಲೇಬೇಕು. ಅನೇಕ ಇಂಜಿನ್‌ಗಳಲ್ಲಿ ಅದು ಹರಿದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಇಂಜಿನ್ನೇ ಹಾಳಾಗುತ್ತದೆ. ಚೈನ್ ಆದರೆ ಸಾಮಾನ್ಯವಾಗಿ ಅಂಥ ಗಡುವು ಇಲ್ಲ. ‘ನನ್ನ ಕಾರಿಗೆ ಬೆಲ್ಟ್ ಯಾವಾಗ ಬದಲಾಯಿಸಬೇಕು?’ ಎಂದು ಸಹಜವಾಗಿ ಕೇಳಿ. ‘ಇದರಲ್ಲಿ ಚೈನ್ ಇದೆ’ ಎಂದರೆ ಅವರಿಗೆ ನಿಮ್ಮ ಕಾರು ಗೊತ್ತು. ‘ತಡಿ, ನೋಡಿ ಹೇಳ್ತೀನಿ’ ಎಂದು ಪುಸ್ತಕ ತೆರೆದರೂ ಒಳ್ಳೆಯದೇ. ಚೈನ್ ಇರುವ ಕಾರಿಗೆ ‘ಈಗಲೇ ಬೆಲ್ಟ್ ಬದಲಾಯಿಸೋಣ’ ಎಂದರೆ ಕೀ ಕೊಡಬೇಡಿ.

ಶಾಕ್ ಅಬ್ಸಾರ್ಬರಿನ ಮೇಲೆ ಆಯಿಲ್ ಹನಿಸಿ ‘ನೋಡಿ ಸೋರುತ್ತಿದೆ’ ಎನ್ನುವುದು ಹಳೆಯ ಮೋಸ. ನಿಜವಾಗಿ ಸೋರಿದ್ದಾದರೆ ಆ ಜಿಡ್ಡಿನ ಮೇಲೆ ಧೂಳು ಅಂಟಿ ಕಪ್ಪಾಗಿರುತ್ತದೆ. ಹೊಳೆಯುವ ಹೊಸ ಆಯಿಲ್ ಕಂಡರೆ ಬಟ್ಟೆಯಲ್ಲಿ ಒರೆಸಿ, ಕೆಲವು ದಿನ ಓಡಿಸಿ ಮತ್ತೆ ನೋಡಿ. ಏರ್ ಫಿಲ್ಟರ್ ಕೊಳೆಯಾಗಿದೆ ಎಂದು ಬೇರೆ ಕಾರಿನ ಫಿಲ್ಟರ್ ತೋರಿಸುವುದೂ ಇದೆ. ನಿಮ್ಮ ಕಾರಿನ ಬಾನೆಟ್ ಎತ್ತಿ ನಿಮ್ಮೆದುರೇ ತೆಗೆಯಲಿ.

ಅಂಕಿಯಲ್ಲಿ ಮಾತಾಡುವುದು ದೊಡ್ಡ ಗುರುತು. ‘ಬ್ಯಾಟರಿ ವೀಕ್ ಆಗಿದೆ’ ಎಂದರೆ ಎಷ್ಟು ವೋಲ್ಟ್? ರಾತ್ರಿಯೆಲ್ಲ ನಿಂತ ಕಾರಿನ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.5ರಿಂದ 14.5 ಬರುತ್ತದೆ. ಚಾಲೂ ಇದ್ದಾಗಲೂ 12ರ ಹತ್ತಿರವೇ ಇದ್ದರೆ ತೊಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ಇರಬಹುದು. ಹೊಸ ಬ್ಯಾಟರಿ ಹಾಕಿದರೂ ವಾರದಲ್ಲಿ ಮತ್ತೆ ನಿಲ್ಲುತ್ತದೆ. ಪ್ಯಾಡ್ 3 ಮಿ.ಮೀ.ಗೆ ಇಳಿದಿದ್ದರೆ ಬದಲಾಯಿಸುವುದು ಸರಿ. ಬ್ರೇಕ್ ಫ್ಲೂಯಿಡ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಫ್ಲೂಯಿಡ್ ಬದಲಾಯಿಸಿ ಎಂದರೆ ಅದು ದುಡ್ಡು ಕೀಳುವ ಮಾತು ಎಂದುಕೊಳ್ಳಬೇಡಿ. ಮ್ಯಾನುಯಲ್ ಹೇಳಿದ ಗಡುವು ದಾಟಿದ್ದರೆ ಮಾಡಿಸಿ. ಎಲ್ಲಕ್ಕೂ ಅನುಮಾನಪಟ್ಟು ಬೇಕಾದ್ದನ್ನೂ ಮುಂದೂಡುವವರನ್ನು ನಾನು ನೋಡಿದ್ದೇನೆ. ಅದೂ ಅಷ್ಟೇ ಅಪಾಯ.

ಎಸ್ಟಿಮೇಟ್ ಹೋಲಿಸುವಾಗ

ಎರಡು ಎಸ್ಟಿಮೇಟ್ ಪಕ್ಕಪಕ್ಕ ಇಟ್ಟಾಗ ಕೊನೆಯ ಮೊತ್ತ ನೋಡಬೇಡಿ. ಮೊದಲು ಎರಡರಲ್ಲೂ ಒಂದೇ ಕೆಲಸ ಬರೆದಿದ್ದಾರೆಯೇ ನೋಡಿ. ಕ್ಲಚ್ ಕೆಲಸ ಎಂದರೆ ಒಬ್ಬರು ಪ್ಲೇಟ್ ಮಾತ್ರ ಬರೆದಿರುತ್ತಾರೆ. ಇನ್ನೊಬ್ಬರು ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಬರೆದಿರುತ್ತಾರೆ. ಗೇರ್‌ಬಾಕ್ಸ್ ಇಳಿಸುವ ಶ್ರಮ ಎರಡಕ್ಕೂ ಒಂದೇ. ಬೇರಿಂಗ್ ಆಮೇಲೆ ಕೆಟ್ಟರೆ ಆ ಶ್ರಮಕ್ಕೆ ಮತ್ತೆ ಪೂರ್ತಿ ದುಡ್ಡು. ಇಲ್ಲಿ ಜಾಸ್ತಿ ಬರೆದವರೇ ನಿಮ್ಮ ಹಿತ ನೋಡಿದವರು.

ಲೇಬರ್ ಮತ್ತು ಬಿಡಿಭಾಗ ಬೇರೆ ಬೇರೆ ಬರೆಸಿ. ‘ಇತರೆ’ ಎಂಬ ಸಾಲು ದೊಡ್ಡದಿದ್ದರೆ ಏನದು ಎಂದು ಕೇಳಿ. ಎಸ್ಟಿಮೇಟ್ ಮೀರಿದರೆ ಫೋನ್ ಮಾಡಿ ಒಪ್ಪಿಗೆ ಪಡೆದೇ ಮುಂದುವರಿಯಬೇಕೆಂದು ಜಾಬ್ ಕಾರ್ಡಿನಲ್ಲೇ ಬರೆಸಿ. ಹಳೆಯ ಭಾಗಗಳು ಬೇಕೆಂದು ಕೆಲಸಕ್ಕೆ ಮೊದಲೇ ಹೇಳಿ, ಮುಗಿದ ಮೇಲಲ್ಲ. ಸ್ಟಾರ್ಟರ್, ಆಲ್ಟರ್ನೇಟರ್ ತರಹದವನ್ನು ಕೆಲವೊಮ್ಮೆ ಹಳೆಯದನ್ನು ವಾಪಸ್ ಕೊಟ್ಟೇ ಕೊಳ್ಳಬೇಕು. ಆಗ ಕೊಡಲು ಆಗದು, ಆದರೆ ತೋರಿಸಲು ಆಗುತ್ತದೆ. ಮಾಡಿದ ಕೆಲಸಕ್ಕೆ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್ ಗ್ಯಾರಂಟಿ ಎಂದು ಬಿಲ್ಲಿನಲ್ಲಿ ಇರಲಿ.

ಒಂದು ಮಾತು ಕಿವಿಗೆ ಬಿದ್ದರೆ ನಾನು ಎಚ್ಚರವಾಗುತ್ತೇನೆ: ‘ಹೀಗೇ ಓಡಿಸಿದರೆ ಜವಾಬ್ದಾರಿ ನಮ್ದಲ್ಲ.’ ಕೆಲವೊಮ್ಮೆ ಅದು ನಿಜ. ಸ್ಟೀರಿಂಗ್ ಜಾಯಿಂಟ್ ಸಡಿಲವಾಗಿದ್ದರೆ, ಬ್ರೇಕ್ ಪೈಪ್ ಸೋರುತ್ತಿದ್ದರೆ, ಟಯರಿನ ಒಳಗಿನ ತಂತಿ ಕಾಣುತ್ತಿದ್ದರೆ ಓಡಿಸಲೇಬಾರದು. ಆದರೆ ಅಂಥ ತೊಂದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ತೋರಿಸಿ ಹೇಳಿದರೆ ಅದು ಎಚ್ಚರಿಕೆ. ತೋರಿಸದೆ ಹೇಳಿದರೆ ಅದು ಬೆದರಿಕೆ. ಪಟ್ಟಿ ಉದ್ದವಿದ್ದರೆ ಮೂರು ಭಾಗ ಮಾಡಿಕೊಡಿ ಎನ್ನಿ. ಈಗಲೇ ಮಾಡಬೇಕಾದ್ದು, ಮುಂದಿನ ಸರ್ವಿಸ್‌ಗೆ ಮಾಡಬಹುದಾದ್ದು, ಬರೀ ಗಮನಿಸುತ್ತಿರಬೇಕಾದ್ದು. ಹೀಗೆ ವಿಂಗಡಿಸಲು ಬಾರದ ಗ್ಯಾರೇಜನ್ನು ನಾನು ಎರಡನೇ ಸಲ ನೋಡಿಲ್ಲ.

ನನ್ನ ಆಯ್ಕೆ ಹೀಗಿದೆ

ವಾರಂಟಿ ಇರುವವರೆಗೆ ಕಂಪನಿಯ ಸರ್ವಿಸ್ ಸೆಂಟರ್, ಆದರೆ ಮ್ಯಾನುಯಲ್ ಕೈಯಲ್ಲಿ. ಅದು ಮುಗಿಯುವ ಆರು ತಿಂಗಳ ಮೊದಲೇ ಹೊರಗಿನ ಒಂದು ಗ್ಯಾರೇಜ್ ಹುಡುಕಲು ಶುರು ಮಾಡಿ. ಕಾರು ಕೆಟ್ಟು ನಿಂತ ದಿನ ಹುಡುಕಬೇಡಿ. ಆ ದಿನ ಯಾರು ಸಿಕ್ಕರೂ ದೇವರಂತೆ ಕಾಣುತ್ತಾರೆ. ಸಣ್ಣ ಕೆಲಸ ಕೊಟ್ಟು ನೋಡಿ: ಒಂದು ವೈಪರ್, ಒಂದು ಆಯಿಲ್ ಸರ್ವಿಸ್. ಹೇಳಿದ ಸಮಯಕ್ಕೆ ಕೊಟ್ಟರಾ? ಬಿಲ್ ಕೇಳದೆಯೇ ಕೊಟ್ಟರಾ? ಕೇಳಿದ ಪ್ರಶ್ನೆಗೆ ಸಿಡುಕದೆ ಉತ್ತರಿಸಿದರಾ? ಅದೇ ಮಾಡೆಲ್ ಕಾರನ್ನು ಐದಾರು ವರ್ಷದಿಂದ ಓಡಿಸುತ್ತಿರುವವರು ಎಲ್ಲಿಗೆ ಹೋಗುತ್ತಾರೆ ಎಂದು ವಿಚಾರಿಸಿ. ಆನ್‌ಲೈನ್ ರೇಟಿಂಗ್‌ನಲ್ಲಿ ನಕ್ಷತ್ರ ಎಣಿಸಬೇಡಿ, ಕೆಟ್ಟ ವಿಮರ್ಶೆಗಳಿಗೆ ಮಾಲೀಕರು ಕೊಟ್ಟ ಉತ್ತರ ಓದಿ. ತಪ್ಪಾಗಿದೆ, ತನ್ನಿ ನೋಡೋಣ ಎಂದಿದ್ದಾರೋ, ಜಗಳಕ್ಕೆ ನಿಂತಿದ್ದಾರೋ?

ತಪ್ಪು ಎಲ್ಲರಿಂದಲೂ ಆಗುತ್ತದೆ. ನಾನು ಈಗ ಹೋಗುವ ಗ್ಯಾರೇಜಿನಲ್ಲೂ ಒಮ್ಮೆ ಕೂಲೆಂಟ್ ಪೈಪಿನ ಕ್ಲಿಪ್ ಸರಿಯಾಗಿ ಕೂರಿಸಿರಲಿಲ್ಲ. ಮರುದಿನ ಬೆಳಗ್ಗೆ ಕಾರಿನ ಕೆಳಗೆ ಹಸಿರು ನೀರು ನಿಂತಿತ್ತು. ಫೋನ್ ಮಾಡಿದೆ. ‘ಸ್ಟಾರ್ಟ್ ಮಾಡಬೇಡಿ, ನಾನೇ ಬರ್ತೀನಿ’ ಎಂದರು ಮಾಲೀಕರು. ಅರ್ಧ ಗಂಟೆಯಲ್ಲಿ ಬಂದು, ಕೆಳಗೆ ಮಲಗಿ ಕ್ಲಿಪ್ ಹಾಕಿ, ಕೂಲೆಂಟ್ ತುಂಬಿಸಿ, ಇಂಜಿನ್ ಬಿಸಿಯಾಗಿ ಫ್ಯಾನ್ ತಿರುಗುವವರೆಗೂ ಕಾದು ಹೋದರು. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಕ್ಲಿಪ್ ಯಾಕೆ ಜಾರಿತು ಎಂದು ನನಗೂ ಬಗ್ಗಿಸಿ ತೋರಿಸಿದರು.